ಮಾರ್ಚ್ ತಿಂಗಳ ಕೆಲಸ ಜೂನ್‌ನಲ್ಲೇ ಆಗಬೇಕು

ಫೆಬ್ರವರಿ ನಡುವಿನ ಹೊತ್ತಿಗೆ ವಿಶ್ವವಿದ್ಯಾಲಯಗಳ ಹಣಕಾಸು ವಿಭಾಗದಿಂದ ಒಂದು ಸುತ್ತೋಲೆ ಹೊರಡುತ್ತದೆ. ಅದರ ಒಕ್ಕಣೆ ವರ್ಷದಿಂದ ವರ್ಷಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ. ಆರ್ಥಿಕ ವರ್ಷ ಮುಗಿಯುತ್ತಿದೆ, ಬಿಲ್ಲುಗಳನ್ನು ಇಂಥ ತಾರೀಖಿನೊಳಗೆ ಸಲ್ಲಿಸತಕ್ಕದ್ದು, ಬಾಕಿ ಮುಂಗಡಗಳನ್ನು ಹೊಂದಾಣಿಕೆ ಮಾಡತಕ್ಕದ್ದು, ಹಣ ಬಳಕೆ ಪ್ರಮಾಣಪತ್ರ ಒದಗಿಸತಕ್ಕದ್ದು, ತಡವಾಗಿ ಬಂದ ಕಡತಗಳನ್ನು ಪರಿಗಣಿಸಲಾಗುವುದಿಲ್ಲ. ಅಲ್ಲಿಂದ ಮುಂದಿನ ಆರು ವಾರ ವಿಭಾಗದ ಮುಖ್ಯಸ್ಥರಿಂದ ಹಿಡಿದು ವಿಷಯ ನಿರ್ವಾಹಕರವರೆಗೆ ಎಲ್ಲರದೂ ಓಡಾಟವೇ. ದರಪಟ್ಟಿ ತರಿಸುವುದು, ತುಲನಾತ್ಮಕ ಪಟ್ಟಿಗೆ ಸಹಿ ಹಾಕಿಸುವುದು, ದಾಸ್ತಾನು ಪುಸ್ತಕದಲ್ಲಿ ನಮೂದು ಮಾಡಿಸುವುದು, ಆಕ್ಷೇಪಣೆಯೊಂದಿಗೆ ವಾಪಸು ಬಂದ ಕಡತವನ್ನು ಮತ್ತೆ ಹೊತ್ತೊಯ್ಯುವುದು. ಈ ನೂಕುನುಗ್ಗಲಿಗೆ ಅಧ್ಯಾಪಕರ ಸೋಮಾರಿತನ ಕಾರಣವೆಂದು ಹಣಕಾಸು ಶಾಖೆಯವರೂ, ಹಣಕಾಸು ಶಾಖೆಯವರ ಕೊಂಕು ಕಾರಣವೆಂದು ಅಧ್ಯಾಪಕರೂ ಹೇಳುವುದು ವಾಡಿಕೆ. ಎರಡರಲ್ಲೂ ಅಲ್ಪಸ್ವಲ್ಪ ಸತ್ಯವಿದೆ. ಆದರೆ ಮೂಲ ಕಾರಣ ಬೇರೆಡೆ ಇದೆ. ಹಣ ಖರ್ಚು ಮಾಡುವ ವಿಷಯದಲ್ಲಿ ನೌಕರರಿಗೆ ಸಿಗುವ ನೆರವೆಲ್ಲ ವರ್ಷದ ಕೊನೆಯ ತುದಿಗೆ ಬಂದು ಸೇರಿಕೊಂಡಿದೆ. ಅದು ಬೇಕಾಗಿದ್ದದ್ದು ವರ್ಷದ ಮೊದಲ ತುದಿಯಲ್ಲಿ, ಇಂಡೆಂಟ್ ಇನ್ನೂ ಬರೆಯದೇ ಇದ್ದಾಗ.

ಮಾರ್ಚ್ 31ಕ್ಕೆ ಇಷ್ಟು ಮಹತ್ವ ಬಂದದ್ದು ಸುಮ್ಮನೆ ಅಲ್ಲ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಲೆಕ್ಕದ ವರ್ಷ ಭಾರತದಲ್ಲಿ 1867ರಿಂದ ನಡೆದುಬಂದಿದೆ. ಸ್ವಾತಂತ್ರ್ಯಾನಂತರ ಸಂವಿಧಾನವು ಸಂಚಿತ ನಿಧಿಯಿಂದ ಒಂದು ರೂಪಾಯಿ ತೆಗೆಯಬೇಕಾದರೂ ಶಾಸಕಾಂಗದ ಒಪ್ಪಿಗೆ ಬೇಕೆಂದು ವಿಧಿಸಿತು. ಆ ಒಪ್ಪಿಗೆ ಸಿಗುವುದು ಒಂದು ವರ್ಷದ ಮಟ್ಟಿಗೆ. ವರ್ಷ ಮುಗಿದರೆ ಬಳಸದ ಹಣದ ಮೇಲಿನ ಅಧಿಕಾರವೂ ಮುಗಿಯುತ್ತದೆ. ಜನರ ತೆರಿಗೆಯ ಮೇಲೆ ಜನಪ್ರತಿನಿಧಿಗಳ ಹಿಡಿತ ಉಳಿದಿರುವುದು ಈ ಕಟ್ಟಿನಿಂದಲೇ, ಆದ್ದರಿಂದ ಅದನ್ನು ಕೇವಲ ಕಿರಿಕಿರಿ ಎಂದು ತಳ್ಳಿಹಾಕಲಾಗದು. ಆದರೆ ಇದೇ ಕಟ್ಟು ಕೊನೆಯ ತಿಂಗಳಿನ ಖರ್ಚಿನ ಭರಾಟೆಯನ್ನೂ ಹುಟ್ಟಿಸುತ್ತದೆ ಎಂಬುದು ನಿಯಮ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು, 2017, ವರ್ಷದ ಕೊನೆಯ ತಿಂಗಳುಗಳಲ್ಲಿ ಖರ್ಚು ಒಮ್ಮೆಲೇ ಏರುವುದನ್ನು ಹಣಕಾಸು ಔಚಿತ್ಯದ ಉಲ್ಲಂಘನೆ ಎಂದೇ ಕರೆಯುತ್ತವೆ. ಕೊನೆಯ ತ್ರೈಮಾಸಿಕದಲ್ಲಿ ಶೇ 33ಕ್ಕೂ ಮಾರ್ಚ್ ಒಂದರಲ್ಲೇ ಶೇ 15ಕ್ಕೂ ಹೆಚ್ಚು ಖರ್ಚಾಗಬಾರದು ಎಂಬ ಮಿತಿಯನ್ನು ಕೇಂದ್ರ ಹಣಕಾಸು ಸಚಿವಾಲಯ ತನ್ನ ಇಲಾಖೆಗಳಿಗೆ ಹಾಕಿದೆ. ಆದರೂ ಭರಾಟೆ ನಿಂತಿಲ್ಲ. ಮಾರ್ಚ್‌ನಲ್ಲಿ ಖರ್ಚು ಮಾಡಬೇಡಿ ಎಂದು ಹೇಳುವ ನಿಯಮ, ಜುಲೈನಲ್ಲಿ ಖರ್ಚು ಮಾಡುವುದು ಹೇಗೆಂದು ಯಾರಿಗೂ ಹೇಳಿಕೊಡುವುದಿಲ್ಲ.

ಲೆಕ್ಕ ಹಾಕಿ ನೋಡಿದರೆ ಸಂಗತಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಜೀವವಿಜ್ಞಾನದ ಒಂದು ವಿಭಾಗಕ್ಕೆ ವಿದೇಶದಿಂದ ಬರಬೇಕಾದ ಸೂಕ್ಷ್ಮದರ್ಶಕವೊಂದು ಬೇಕು ಎಂದುಕೊಳ್ಳೋಣ. ಮೊದಲು ಅದರ ತಾಂತ್ರಿಕ ವಿವರಗಳನ್ನು ಬರೆಯಬೇಕು. ಒಂದೇ ಕಂಪನಿಗೆ ಹೊಂದುವಂತೆ ಬರೆದರೆ ಆಕ್ಷೇಪಣೆ, ತೀರಾ ಸಡಿಲವಾಗಿ ಬರೆದರೆ ಕೆಲಸಕ್ಕೆ ಬಾರದ ಯಂತ್ರ ಬರುವ ಭಯ. ನಂತರ ಆಡಳಿತಾತ್ಮಕ ಮಂಜೂರಾತಿ. ಆಮೇಲೆ ಟೆಂಡರ್. ಕೇಂದ್ರ ನಿಯಮದಂತೆ ಜಾಹೀರಾತು ಟೆಂಡರ್‌ಗೆ ಸಾಮಾನ್ಯವಾಗಿ ಕನಿಷ್ಠ ಮೂರು ವಾರ, ವಿದೇಶಿ ಸರಬರಾಜುದಾರರನ್ನು ಕರೆಯುವುದಾದರೆ ನಾಲ್ಕು ವಾರ ಕಾಲಾವಕಾಶ ಕೊಡಬೇಕು. ರಾಜ್ಯದ ವಿಶ್ವವಿದ್ಯಾಲಯಗಳಿಗೆ ಅನ್ವಯವಾಗುವ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, ಅಂದರೆ ಎಲ್ಲರ ಬಾಯಲ್ಲಿ ಕೆಟಿಪಿಪಿ, 1999, ಮತ್ತು ಅದರ ನಿಯಮಗಳೂ ತಮ್ಮದೇ ಕಾಲಮಿತಿ ಇಟ್ಟಿವೆ. ತಾಂತ್ರಿಕ ಲಕೋಟೆ ತೆರೆದು ಪರಿಶೀಲಿಸಬೇಕು, ದರದ ಲಕೋಟೆ ತೆರೆಯಬೇಕು, ಖರೀದಿ ಸಮಿತಿ ಸೇರಬೇಕು. ಆದೇಶ ಹೋದ ಮೇಲೆ ಬ್ಯಾಂಕಿನಲ್ಲಿ ಲೆಟರ್ ಆಫ್ ಕ್ರೆಡಿಟ್ ತೆರೆಯಬೇಕು, ಯಂತ್ರ ತಯಾರಾಗಬೇಕು, ಹಡಗು ಅಥವಾ ವಿಮಾನದಲ್ಲಿ ಬರಬೇಕು, ಕಸ್ಟಮ್ಸ್ ದಾಟಬೇಕು, ತಂತ್ರಜ್ಞ ಬಂದು ಅಳವಡಿಸಿ ಪ್ರಮಾಣಪತ್ರ ಕೊಡಬೇಕು. ಯಾರೂ ಎಲ್ಲೂ ಒಂದು ದಿನವನ್ನೂ ವ್ಯರ್ಥ ಮಾಡದಿದ್ದರೂ ಇದಕ್ಕೆ ಆರರಿಂದ ಎಂಟು ತಿಂಗಳು ಹಿಡಿದರೆ ಆಶ್ಚರ್ಯವಿಲ್ಲ. ಅಂದರೆ ಮಾರ್ಚ್‌ನಲ್ಲಿ ಬಿಲ್ ಪಾವತಿಯಾಗಬೇಕಾದರೆ ತಾಂತ್ರಿಕ ವಿವರ ಜುಲೈ ಕೊನೆಗಾದರೂ ಸಿದ್ಧವಿರಬೇಕು. ಫೆಬ್ರವರಿಯ ಸುತ್ತೋಲೆ ಈ ಖರೀದಿಗೆ ಯಾವ ಸಹಾಯವನ್ನೂ ಮಾಡಲಾರದು.

ಹಾಗೆ ತಡವಾದಾಗ ಆಗುವುದೇನು? ಮೂರು ದಾರಿಗಳಿವೆ, ಮೂರೂ ಕೆಟ್ಟವು. ಒಂದು, ಹಣ ಹಿಂದಕ್ಕೆ ಹೋಗುತ್ತದೆ. ಎರಡು, ಸರಕು ಬರುವ ಮೊದಲೇ ಹಣ ಕೊಟ್ಟು ಖರ್ಚು ತೋರಿಸುವ ಆಸೆ ಹುಟ್ಟುತ್ತದೆ. ಖಾಸಗಿ ಸಂಸ್ಥೆಗೆ ಒಪ್ಪಂದದ ಮೊತ್ತದ ಶೇ 30ಕ್ಕಿಂತ ಹೆಚ್ಚು ಮುಂಗಡ ಕೊಡಬಾರದೆಂದೂ ಅದಕ್ಕೂ ಬ್ಯಾಂಕ್ ಖಾತರಿ ಪಡೆಯಬೇಕೆಂದೂ ಕೇಂದ್ರ ನಿಯಮ ಹೇಳುವುದು ಈ ಆಸೆಗೆ ಕಡಿವಾಣ ಹಾಕಲೆಂದೇ. ಮೂರನೆಯದು ಎಲ್ಲಕ್ಕಿಂತ ಸಾಮಾನ್ಯ ಮತ್ತು ಎಲ್ಲಕ್ಕಿಂತ ದುಬಾರಿ. ಬೇಕಾದದ್ದನ್ನು ಬಿಟ್ಟು, ಬೇಗ ಸಿಗುವುದನ್ನು ಕೊಳ್ಳುವುದು. ಸೂಕ್ಷ್ಮದರ್ಶಕಕ್ಕೆ ಇಟ್ಟ ಹಣ ಪುನರ್ವಿನಿಯೋಗವಾಗಿ ಕುರ್ಚಿ, ಪ್ರಿಂಟರ್, ಟೋನರ್‌ಗಳಾಗಿ ಬದಲಾಗುತ್ತದೆ. ಪ್ರಯೋಗಾಲಯಕ್ಕೆ ವರ್ಷವಿಡೀ ಬೇಕಾದ ಕಿಣ್ವ ಮತ್ತು ರಾಸಾಯನಿಕಗಳು ಒಂದೇ ವಾರದಲ್ಲಿ ಬಂದು ಬೀಳುತ್ತವೆ. ಅವಕ್ಕೆ ಅವಧಿ ಮೀರುವ ದಿನಾಂಕವಿದೆ, ಹಲವಕ್ಕೆ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ತಂಪು ಬೇಕು, ಎದುರಿಗಿರುವುದು ಬೇಸಿಗೆ ರಜೆ. ದೊಡ್ಡ ಬೇಡಿಕೆಯನ್ನು ಸಣ್ಣ ಸಣ್ಣ ದರಪಟ್ಟಿಗಳಾಗಿ ತುಂಡರಿಸಿ ಟೆಂಡರ್ ಮಿತಿಯ ಕೆಳಗೆ ತರುವ ಅಭ್ಯಾಸವೂ ಈ ದಿನಗಳದೇ. ಕೇಂದ್ರ ನಿಯಮ ಅದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಲೆಕ್ಕಪರಿಶೋಧಕರ ಕಣ್ಣಿಗೆ ಮೊದಲು ಬೀಳುವುದೂ ಅದೇ. ಆಕ್ಷೇಪಣೆಗೆ ಉತ್ತರ ಬರೆಯುವ ಹೊತ್ತಿಗೆ ಆ ಅಧ್ಯಾಪಕರು ನಿವೃತ್ತರಾಗಿರುತ್ತಾರೆ, ಹೊರಗುತ್ತಿಗೆಯ ಗುಮಾಸ್ತರು ಕೆಲಸ ಬಿಟ್ಟು ಹೋಗಿರುತ್ತಾರೆ.

ಕೊನೆಗಳಿಗೆಯ ಖರ್ಚು ಗುಣಮಟ್ಟವನ್ನು ಕೆಡಿಸುತ್ತದೆ ಎನ್ನುವುದಕ್ಕೆ ಅಳೆದು ತೂಗಿದ ಪುರಾವೆ ಅಮೆರಿಕದಿಂದ ಬಂದಿದೆ. ಅಲ್ಲಿನ ಒಕ್ಕೂಟ ಸರ್ಕಾರದ ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಜೆಫ್ರಿ ಲೀಬ್‌ಮನ್ ಮತ್ತು ನೀಲ್ ಮಹೋನಿ ಎಂಬ ಅರ್ಥಶಾಸ್ತ್ರಜ್ಞರು ಆ ಸರ್ಕಾರದ ಖರೀದಿಗಳನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ವರ್ಷದ ಕೊನೆಯ ವಾರದ ಖರ್ಚು ಉಳಿದ ವಾರಗಳ ಸರಾಸರಿಯ 4.9 ಪಟ್ಟು. ಆ ವಾರದಲ್ಲಿ ಒಪ್ಪಂದವಾದ ಮಾಹಿತಿ ತಂತ್ರಜ್ಞಾನ ಯೋಜನೆಗಳಿಗೆ ಕಡಿಮೆ ಗುಣಮಟ್ಟದ ಅಂಕ ಬರುವ ಸಾಧ್ಯತೆ ಉಳಿದವುಗಳಿಗಿಂತ 2.2ರಿಂದ 5.6 ಪಟ್ಟು ಹೆಚ್ಚು. ಅದೇ ಅಧ್ಯಯನದಲ್ಲಿ ಇನ್ನೊಂದು ಮುಖ್ಯ ಸಂಗತಿಯಿದೆ. ಉಳಿಕೆ ಹಣವನ್ನು ಮುಂದಿನ ವರ್ಷಕ್ಕೆ ಒಯ್ಯುವ ವಿಶೇಷ ಅಧಿಕಾರವಿದ್ದ ನ್ಯಾಯ ಇಲಾಖೆಯಲ್ಲಿ ಇಂಥ ಯೋಜನೆಗಳ ಕೊನೆವಾರದ ಏರಿಕೆಯಾಗಲಿ ಗುಣಮಟ್ಟದ ಕುಸಿತವಾಗಲಿ ಕಾಣಲಿಲ್ಲ. ನಿಯಮದ ಒಂದು ಸಣ್ಣ ಸಡಿಲಿಕೆ ಜನರ ನಡವಳಿಕೆಯನ್ನೇ ಬದಲಿಸಿತು. ಅಲ್ಲಿನ ಅಧಿಕಾರಿಗಳು ಬೇರೆ ಇಲಾಖೆಗಳವರಿಗಿಂತ ಪ್ರಾಮಾಣಿಕರು ಅಥವಾ ಚುರುಕಿನವರು ಎಂದು ಇದರಿಂದ ಹೇಳಲಾಗದು. ಅವರಿಗೆ ಗಾಬರಿಪಡುವ ಕಾರಣವಿರಲಿಲ್ಲ, ಅಷ್ಟೇ.

ಹಾಗಿದ್ದರೆ ನಮ್ಮಲ್ಲೂ ಉಳಿಕೆಯನ್ನು ಮುಂದಕ್ಕೆ ಒಯ್ಯಲು ಬಿಟ್ಟರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಏಕೆಂದರೆ ಸಾರ್ವಜನಿಕ ವಿಶ್ವವಿದ್ಯಾಲಯದ ಬೊಕ್ಕಸದಲ್ಲಿರುವ ಹಣವೆಲ್ಲ ಒಂದೇ ಜಾತಿಯದಲ್ಲ. ಒಂದು ಪಾಲು ರಾಜ್ಯ ಸರ್ಕಾರದ ಅನುದಾನ. ಅದು ರಾಜ್ಯ ಖಜಾನೆಯ ಆನ್‌ಲೈನ್ ವ್ಯವಸ್ಥೆಯಾದ ಖಜಾನೆ-2ರ ಮೂಲಕ ಲೆಕ್ಕಶೀರ್ಷಿಕೆಗಳ ಅಡಿಯಲ್ಲಿ ಬರುತ್ತದೆ, ಬಹುಪಾಲು ವೇತನಕ್ಕೆ ಹೋಗುತ್ತದೆ. ಎರಡನೆಯದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಜೈವಿಕ ತಂತ್ರಜ್ಞಾನ ಇಲಾಖೆ ಮುಂತಾದವು ನಿರ್ದಿಷ್ಟ ಸಂಶೋಧನೆಗೆಂದು ಕೊಡುವ ಯೋಜನಾ ಹಣ. ಮೂರನೆಯದು ವಿಶ್ವವಿದ್ಯಾಲಯವೇ ಗಳಿಸಿದ ಆಂತರಿಕ ಸಂಪನ್ಮೂಲ: ಪರೀಕ್ಷಾ ಶುಲ್ಕ, ಸಂಯೋಜನೆಯ ಶುಲ್ಕ, ಪ್ರವೇಶ ಶುಲ್ಕ. ಮೊದಲ ಎರಡಕ್ಕೆ ಮಾರ್ಚ್ 31ರ ಗಡುವು ಹೊರಗಿನಿಂದ ಬಂದದ್ದು. ಮೂರನೆಯದಕ್ಕೆ ಹಾಗಿಲ್ಲ. ವಿಶ್ವವಿದ್ಯಾಲಯದ ಬ್ಯಾಂಕ್ ಖಾತೆಯಲ್ಲಿರುವ ಪರೀಕ್ಷಾ ಶುಲ್ಕ ಏಪ್ರಿಲ್ 1ರಂದು ಯಾವ ಸರ್ಕಾರದ ಖಜಾನೆಗೂ ಮರಳುವುದಿಲ್ಲ. ಮುಗಿಯುವುದು ಒಳಗಿನ ಆಯವ್ಯಯದ ಮಂಜೂರಾತಿ ಮಾತ್ರ. ಹಾಗಿದ್ದೂ ಮೂರಕ್ಕೂ ಒಂದೇ ಸುತ್ತೋಲೆ, ಒಂದೇ ಗಡುವು, ಒಂದೇ ಆತಂಕ. ಆಂತರಿಕ ಸಂಪನ್ಮೂಲದಿಂದ ನಡೆಯುವ ಖರೀದಿಯಲ್ಲಿ, ಆದೇಶ ಹೊರಟು ಸರಕು ಬರಬೇಕಾದ ಪ್ರಕರಣಗಳ ಹಣವನ್ನು ಮುಂದಿನ ವರ್ಷದ ಅದೇ ಬಾಬತ್ತಿಗೆ ತಾನಾಗಿ ಮುಂದುವರಿಸಲು ಹಣಕಾಸು ಸಮಿತಿ ಮತ್ತು ಸಿಂಡಿಕೇಟ್ ನಿರ್ಣಯ ಮಾಡಿಕೊಳ್ಳಬಹುದು. ವಿಧಾನಸೌಧದಿಂದ ಹೊಸ ಕಾಯ್ದೆ ಬರಬೇಕೆಂದು ಕಾಯಬೇಕಿಲ್ಲ. ನಿವೃತ್ತಿ ವೇತನದ ಹೊರೆಯೂ ಆಂತರಿಕ ಸಂಪನ್ಮೂಲದ ಮೇಲೆ ಬಿದ್ದು ಅದು ಸೊರಗುತ್ತಿರುವ ಈ ಕಾಲದಲ್ಲಿ, ಅದರ ಒಂದೊಂದು ರೂಪಾಯಿಯನ್ನೂ ಗಾಬರಿಯಿಂದ ಖರ್ಚು ಮಾಡುವುದು ವಿದ್ಯಾರ್ಥಿಗಳಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ. ಆ ಹಣ ಬಂದದ್ದು ಅವರ ಮನೆಗಳಿಂದ.

ಯೋಜನಾ ಹಣದ ಕಥೆ ಇನ್ನೂ ಬಿಗಿಯಾದದ್ದು. ಕೆಲವು ವರ್ಷಗಳ ಹಿಂದಿನವರೆಗೆ ಕೇಂದ್ರದ ಕಂತು ವಿಶ್ವವಿದ್ಯಾಲಯದ ಖಾತೆಗೆ ಬಂದು ಅಲ್ಲಿಯೇ ಇರುತ್ತಿತ್ತು. 2022ರಿಂದ ಈಚೆಗೆ ಕೇಂದ್ರ ಯೋಜನೆಗಳ ಹಣ ಬಿಡುಗಡೆಯ ಕ್ರಮ ಬದಲಾಯಿತು. ಹಲವು ಯೋಜನೆಗಳಲ್ಲಿ ಸಂಶೋಧಕರ ಸಂಸ್ಥೆಗೆ ಸಿಗುವುದು ಶೂನ್ಯ ಶಿಲ್ಕಿನ ಖಾತೆ ಮತ್ತು ಖರ್ಚಿನ ಮಿತಿ. ಮಾರ್ಚ್ 31ಕ್ಕೆ ಬಳಸದೆ ಉಳಿದ ಮಿತಿ ಅಳಿಯುತ್ತದೆ. ಹೊಸ ವರ್ಷದ ಮಿತಿ ಸಿಗಬೇಕಾದರೆ ಖರ್ಚಿನ ವಿವರಪಟ್ಟಿ ಮತ್ತು 12-ಎ ನಮೂನೆಯ ಹಣ ಬಳಕೆ ಪ್ರಮಾಣಪತ್ರ ಹೋಗಬೇಕು. ಸರ್ಕಾರದ ಹಣ ಸಾವಿರಾರು ಖಾತೆಗಳಲ್ಲಿ ಸುಮ್ಮನೆ ಕೊಳೆಯಬಾರದೆಂಬ ಉದ್ದೇಶ ಸರಿಯಾದದ್ದೇ. ಅದರ ಬಿಸಿ ತಟ್ಟಿದ್ದು ಮಾತ್ರ ಸಂಶೋಧನಾ ವಿದ್ಯಾರ್ಥಿಗಳಿಗೆ. ಪ್ರಮಾಣಪತ್ರದಲ್ಲಿ ಒಂದು ಅಂಕಿ ತಾಳೆಯಾಗದೆ ವಾಪಸು ಬಂದರೆ, ಯೋಜನಾ ಸಹಾಯಕರ ಏಪ್ರಿಲ್, ಮೇ ತಿಂಗಳ ಫೆಲೋಶಿಪ್ ನಿಲ್ಲುತ್ತದೆ. ಬಾಡಿಗೆ ಕೋಣೆಯಲ್ಲಿರುವ, ಊರಿಗೆ ದುಡ್ಡು ಕಳಿಸಬೇಕಾದ ಯುವಕ ಯುವತಿಯರು ಇವರು. ಈ ತಪ್ಪುಗಳಲ್ಲಿ ಹೆಚ್ಚಿನವು ಸಣ್ಣವು, ತಿದ್ದಬಹುದಾದವು. ನಿಜವಾಗಿ ಪಾವತಿಯಾದ ಖರ್ಚಿಗೂ ಆದೇಶ ಕೊಟ್ಟು ಇನ್ನೂ ಪಾವತಿಸದ ಬದ್ಧ ವೆಚ್ಚಕ್ಕೂ ಇರುವ ವ್ಯತ್ಯಾಸ ಸಂಶೋಧಕರಿಗೆ ತಿಳಿದಿರುವುದಿಲ್ಲ. ಬಡ್ಡಿಯನ್ನು ಎಲ್ಲಿ ತೋರಿಸಬೇಕೆಂದು ತಿಳಿದಿರುವುದಿಲ್ಲ. ಭೌತಶಾಸ್ತ್ರ ಅಥವಾ ಸಸ್ಯಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಿದವರಿಗೆ ಇದನ್ನು ಯಾರೂ ಕಲಿಸಿಲ್ಲ, ತಿಳಿದಿರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ನಿಯಮಗಳು ನಡುವೆ ಬದಲಾಗುತ್ತಲೂ ಇರುತ್ತವೆ. ಸಾರ್ವಜನಿಕ ಸಂಶೋಧನಾ ಸಂಸ್ಥೆಗಳು ಕೊಳ್ಳುವ ವೈಜ್ಞಾನಿಕ ಉಪಕರಣಗಳಿಗೆ ಶೇ 5ರ ರಿಯಾಯಿತಿ ಜಿಎಸ್‌ಟಿ ಇತ್ತು. 2022ರ ಜುಲೈ 18ರಿಂದ ಅದು ರದ್ದಾಗಿ ಬಹುತೇಕ ಉಪಕರಣಗಳಿಗೆ ಶೇ 18 ತೆರಬೇಕಾಯಿತು. ಹಳೆಯ ದರದ ಅಂದಾಜಿನಲ್ಲಿ ಮಂಜೂರಾದ 20 ಲಕ್ಷ ರೂಪಾಯಿ ಮೂಲಬೆಲೆಯ ಯಂತ್ರಕ್ಕೆ ಒಮ್ಮೆಲೇ 2.6 ಲಕ್ಷ ಕೊರತೆ. ಅದನ್ನು ಆಗಸ್ಟ್‌ನಲ್ಲೇ ಗಮನಿಸಿದವರು ಪರಿಷ್ಕೃತ ಮಂಜೂರಾತಿಗೆ ಬರೆಯಬಹುದಿತ್ತು, ಬಿಲ್ ಬಂದ ಮೇಲೆ ಗಮನಿಸಿದವರಿಗೆ ಆ ದಾರಿಯೂ ಇರಲಿಲ್ಲ. 2025ರ ಜೂನ್‌ನಲ್ಲಿ ಕೇಂದ್ರವು ವೈಜ್ಞಾನಿಕ ಇಲಾಖೆಗಳು ಮತ್ತು ಸಂಸ್ಥೆಗಳಿಗೆ ದರಪಟ್ಟಿಯಿಲ್ಲದ ನೇರ ಖರೀದಿಯ ಮಿತಿಯನ್ನು 1 ಲಕ್ಷದಿಂದ 2 ಲಕ್ಷಕ್ಕೂ, ಖರೀದಿ ಸಮಿತಿಯ ಮೂಲಕ ಕೊಳ್ಳುವ ಮಿತಿಯನ್ನು 10 ಲಕ್ಷದಿಂದ 25 ಲಕ್ಷಕ್ಕೂ ಏರಿಸಿತು. ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲ್‌ನ ಹೊರಗೆ ವಿಶೇಷ ಸಂಶೋಧನಾ ಉಪಕರಣ ಕೊಳ್ಳಲು ಸಂಸ್ಥೆಗಳ ಮುಖ್ಯಸ್ಥರಿಗೆ ಅಧಿಕಾರ ಕೊಟ್ಟಿತು. ಸ್ವಾಗತಾರ್ಹ ಕ್ರಮ. ಆದರೆ ಕೇಂದ್ರದ ಯೋಜನೆ ನಡೆಸುತ್ತಿರುವ ರಾಜ್ಯ ವಿಶ್ವವಿದ್ಯಾಲಯದ ಅಧ್ಯಾಪಕಿಯೊಬ್ಬರು ಈಗ ಕೇಳಬೇಕಾದ ಪ್ರಶ್ನೆ ಇದು: ನನ್ನ ಖರೀದಿಗೆ ಯಾವುದು ಅನ್ವಯ? ಕೆಟಿಪಿಪಿಯೋ, ಕೇಂದ್ರದ ನಿಯಮಗಳೋ, ಜೆಮ್ ಕಡ್ಡಾಯವೋ ಅಲ್ಲವೋ? ಮಂಜೂರಾತಿ ಪತ್ರದ ಷರತ್ತುಗಳನ್ನು ಓದಿ ಇದಕ್ಕೆ ಲಿಖಿತವಾಗಿ ಉತ್ತರಿಸುವ ಒಬ್ಬರು ವಿಶ್ವವಿದ್ಯಾಲಯದಲ್ಲಿ ಇರಬೇಕು. ಇಲ್ಲದಿದ್ದರೆ ಆಕೆ ಪಕ್ಕದ ವಿಭಾಗದವರು ಹೋದ ವರ್ಷ ಮಾಡಿದಂತೆ ಮಾಡುತ್ತಾರೆ, ಅವರೂ ಅದರ ಹಿಂದಿನ ವರ್ಷ ಹಾಗೆಯೇ ಯಾರನ್ನೋ ನೋಡಿ ಮಾಡಿದ್ದರು.

ನೆರವು ಎಂದು ನಾನು ಹೇಳುತ್ತಿರುವುದು ಇದನ್ನೇ. ಖರೀದಿಯ ಅನುಭವವಿರುವ ಇಬ್ಬರು ಮೂವರು ನೌಕರರ ಒಂದು ಸಲಹಾ ಮೇಜು ಹಣಕಾಸು ವಿಭಾಗದಲ್ಲಿ ಇರಲಿ. ಜೂನ್‌ನಲ್ಲಿ, ತರಗತಿಗಳು ಕಾವೇರುವ ಮೊದಲು, ಅದು ಪ್ರತಿ ಅಧ್ಯಯನ ವಿಭಾಗದ ಜೊತೆ ಕೂತು ವರ್ಷದ ಖರೀದಿ ಪಟ್ಟಿ ಮಾಡಲಿ. ಯಾವುದು ಟೆಂಡರ್‌ಗೆ ಹೋಗಬೇಕು, ಯಾವುದಕ್ಕೆ ಖರೀದಿ ಸಮಿತಿ ಸಾಕು, ಯಾವುದಕ್ಕೆ ಏಕೈಕ ತಯಾರಕರೆಂಬ ಪ್ರಮಾಣಪತ್ರ ಬೇಕು ಎಂದು ಅಲ್ಲೇ ಗುರುತು ಹಾಕಲಿ. ಹಲವು ವಿಭಾಗಗಳಿಗೆ ಬೇಕಾದ ಗಾಜಿನ ಸಾಮಾನು, ರಾಸಾಯನಿಕ, ಕಂಪ್ಯೂಟರ್‌ಗಳಿಗೆ ಒಂದೇ ಟೆಂಡರ್ ಕರೆದು ವರ್ಷಾವಧಿಯ ದರ ಒಪ್ಪಂದ ಮಾಡಿಕೊಂಡರೆ ಬೇಡಿಕೆ ತುಂಡರಿಸುವ ಪ್ರಶ್ನೆಯೂ ಏಳುವುದಿಲ್ಲ, ಮಾರ್ಚ್‌ನಲ್ಲಿ ರಾಶಿ ಹಾಕುವ ಅಗತ್ಯವೂ ಬೀಳುವುದಿಲ್ಲ. ಅಕ್ಟೋಬರ್ ಕೊನೆಗೆ ಒಮ್ಮೆ ಪಟ್ಟಿಯನ್ನು ತಿರುಗಿ ನೋಡಿ, ಕುಂಟುತ್ತಿರುವ ಖರೀದಿಗಳ ಹಣವನ್ನು ಬೇರೆಡೆಗೆ ಪುನರ್ವಿನಿಯೋಗ ಮಾಡಲು ಇನ್ನೂ ಐದು ತಿಂಗಳು ಇರುತ್ತದೆ. ಮುಂಗಡಗಳನ್ನು ಕಾರ್ಯಕ್ರಮ ಮುಗಿದ ತಿಂಗಳಲ್ಲೇ ಹೊಂದಾಣಿಕೆ ಮಾಡಿಸಿದರೆ ಮಾರ್ಚ್‌ಗೆ ಉಳಿಯುವುದು ಲೆಕ್ಕ ತಾಳೆ ನೋಡುವ ಕೆಲಸ ಮಾತ್ರ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಹಣವೇ ಜನವರಿ, ಫೆಬ್ರವರಿಯಲ್ಲಿ ಬಿಡುಗಡೆಯಾದರೆ ಜೂನ್‌ನ ಪಟ್ಟಿಯಿಂದ ಏನು ಪ್ರಯೋಜನ? ಕೊನೆಯ ಕಂತು ತಡವಾಗುವುದು ನಿಜ, ಅದಕ್ಕೆ ಸರ್ಕಾರಗಳೇ ಹೊಣೆ. 2017ರಿಂದ ಕೇಂದ್ರ ಬಜೆಟ್ಟನ್ನು ಫೆಬ್ರವರಿ 1ಕ್ಕೆ ಹಿಂದೂಡಿದ್ದು ಏಪ್ರಿಲ್‌ನಿಂದಲೇ ಹಣ ಹರಿಯಲಿ ಎಂಬ ಉದ್ದೇಶದಿಂದ. ಆದರೂ ತಡವಾಗುವ ಹಣಕ್ಕೇ ಸಿದ್ಧತೆ ಹೆಚ್ಚು ಬೇಕು. ತಾಂತ್ರಿಕ ವಿವರ ಬರೆಯಲು, ಮಾರುಕಟ್ಟೆಯ ದರ ವಿಚಾರಿಸಲು, ಸಮಿತಿ ರಚಿಸಲು, ಯಂತ್ರ ಇಡುವ ಕೋಣೆಗೆ ವಿದ್ಯುತ್ ಸಂಪರ್ಕ ಸಾಕೇ ಎಂದು ನೋಡಲು ಹಣ ಕೈಯಲ್ಲಿರಬೇಕಿಲ್ಲ. ಹಣ ಬಂದ ದಿನ ಟೆಂಡರ್ ಪ್ರಕಟಿಸಬಲ್ಲ ವಿಭಾಗಕ್ಕೂ, ಹಣ ಬಂದ ದಿನ ಏನು ಬೇಕೆಂದು ಯೋಚಿಸಲು ಕೂರುವ ವಿಭಾಗಕ್ಕೂ ಎರಡು ಮೂರು ತಿಂಗಳ ಅಂತರವಿದೆ. ವರ್ಷದ ಕೊನೆಯಲ್ಲಿ ಅದೇ ನಿರ್ಣಾಯಕ.

ಎರಡನೆಯ ಆಕ್ಷೇಪ ಹಣಕಾಸು ವಿಭಾಗದ ಒಳಗಿನಿಂದಲೇ ಬರುತ್ತದೆ. ನಮ್ಮ ಕೆಲಸ ತಡೆದು ನೋಡುವುದು. ಖರೀದಿ ಹೇಗೆ ಮಾಡಬೇಕೆಂದು ನಾವೇ ಹೇಳಿಕೊಟ್ಟು, ಆಮೇಲೆ ಅದೇ ಕಡತವನ್ನು ನಾವೇ ಪರಿಶೀಲಿಸಿದರೆ ಪರಿಶೀಲನೆಗೆ ಬೆಲೆಯೇನು? ಇದನ್ನು ಗೌರವದಿಂದ ಕೇಳಿಸಿಕೊಳ್ಳಬೇಕು. ಹಣಕಾಸು ಅಧಿಕಾರಿಯ ಸಹಿ ಸಾರ್ವಜನಿಕ ಹಣಕ್ಕಿರುವ ಕಾವಲು, ಅದನ್ನು ಸಡಿಲಿಸಿ ಎಂದು ಯಾರೂ ಕೇಳಬಾರದು. ಪರಿಹಾರ ಕಷ್ಟವೇನಲ್ಲ. ಸಲಹೆ ಕೊಡುವವರು ಬೇರೆ, ಬಿಲ್ ಪರಿಶೀಲಿಸುವವರು ಬೇರೆ ಇರಲಿ. ಕೊಟ್ಟ ಸಲಹೆ ಕಡತದಲ್ಲಿ ಬರಹದಲ್ಲಿ ಇರಲಿ. ಬಾಯಿಮಾತಿನ ಸಲಹೆ ಇಬ್ಬರನ್ನೂ ಸಿಕ್ಕಿಸುತ್ತದೆ, ಲಿಖಿತ ಸಲಹೆ ಇಬ್ಬರನ್ನೂ ಕಾಯುತ್ತದೆ. ಲೆಕ್ಕಪರಿಶೋಧಕರಿಗೂ ಅದು ಒಳ್ಳೆಯ ಆಧಾರ. ತೀರ್ಮಾನ ಯಾವಾಗ, ಯಾವ ಕಾರಣಕ್ಕೆ ಆಯಿತೆಂದು ಅವರು ಊಹಿಸಬೇಕಾಗುವುದಿಲ್ಲ.

ಜನರೇ ಇಲ್ಲ ಎಂಬುದು ಮೂರನೆಯದು. ಬೋಧಕೇತರ ಹುದ್ದೆಗಳು ಖಾಲಿ ಬಿದ್ದಿವೆ, ಇರುವ ಕೆಲಸವನ್ನೇ ಹೊರಗುತ್ತಿಗೆಯವರು ಎಳೆಯುತ್ತಿದ್ದಾರೆ, ಹೊಸ ಮೇಜಿಗೆ ಯಾರನ್ನು ಕೂರಿಸುವುದು? ಈ ಕೊರತೆ ನಿಜ, ನೇಮಕಾತಿಗೆ ಒತ್ತಾಯಿಸುವುದು ಬೇರೆಯೇ ಹೋರಾಟ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಆಕ್ಷೇಪಣೆಯೊಂದಿಗೆ ಹಿಂದೆ ಮುಂದೆ ಓಡಾಡುವ ಕಡತಕ್ಕೆ ಪ್ರತಿ ಸಲವೂ ಅದೇ ನೌಕರರ ಗಂಟೆಗಳು ಖರ್ಚಾಗುತ್ತವೆ. ವರ್ಷಗಳ ನಂತರ ಲೆಕ್ಕಪರಿಶೋಧನೆಯ ಆಕ್ಷೇಪಣೆಗೆ ಉತ್ತರ ಹುಡುಕುವಾಗ ಮತ್ತೆ ಅವರದೇ ಗಂಟೆಗಳು. ಆ ಸಮಯ ಈಗಾಗಲೇ ವೆಚ್ಚವಾಗುತ್ತಿದೆ, ಲೆಕ್ಕಕ್ಕೆ ಬರುತ್ತಿಲ್ಲ ಅಷ್ಟೇ. ಎಷ್ಟು ಕಡತ ಎಷ್ಟು ಸಲ ವಾಪಸಾಯಿತು, ಯಾವ ಕಾರಣಕ್ಕೆ ವಾಪಸಾಯಿತು ಎಂದು ಒಂದು ವರ್ಷ ಬರೆದಿಟ್ಟರೆ, ಸಲಹಾ ಮೇಜಿಗೆ ಎಷ್ಟು ಜನ ಬೇಕೆಂಬ ಉತ್ತರ ಆ ಪುಸ್ತಕದಲ್ಲೇ ಸಿಗುತ್ತದೆ. ಬಹುಪಾಲು ಆಕ್ಷೇಪಣೆಗಳು ಹತ್ತು ಹನ್ನೆರಡು ಕಾರಣಗಳ ಸುತ್ತಲೇ ಇರುವುದು ಕಂಡುಬಂದರೆ, ಅವನ್ನು ಕನ್ನಡದಲ್ಲಿ ಸರಳವಾಗಿ ಬರೆದು ಇಂಡೆಂಟ್ ನಮೂನೆಯ ಹಿಂಬದಿಯಲ್ಲೇ ಅಚ್ಚು ಹಾಕಬಹುದು. ಅದಕ್ಕೆ ಹೊಸ ಹುದ್ದೆಯ ಮಂಜೂರಾತಿ ಬೇಕಿಲ್ಲ.

ಆರ್ಥಿಕ ವರ್ಷವನ್ನೇ ಬದಲಿಸಿದರೆ ಹೇಗೆ ಎಂಬ ಚರ್ಚೆಯೂ ಹಳೆಯದು. ಎಲ್‌.ಕೆ. ಝಾ ಸಮಿತಿ 1985ರಲ್ಲಿ ಜನವರಿಯಿಂದ ಡಿಸೆಂಬರ್‌ವರೆಗಿನ ವರ್ಷವನ್ನು ಶಿಫಾರಸು ಮಾಡಿತ್ತು, 2016ರಲ್ಲಿ ಶಂಕರ್ ಆಚಾರ್ಯ ಸಮಿತಿಯೂ ಈ ಪ್ರಶ್ನೆಯನ್ನು ಪರಿಶೀಲಿಸಿತು. ಡಿಸೆಂಬರ್ 31ಕ್ಕೆ ವರ್ಷ ಮುಗಿದರೆ ಭರಾಟೆ ಡಿಸೆಂಬರ್‌ಗೆ ಹೋಗುತ್ತದೆ, ಸುತ್ತೋಲೆ ನವೆಂಬರ್‌ಗೆ. ಇಂಡೆಂಟ್ ಬರೆಯುವ ಅಧ್ಯಾಪಕರ ಎದುರಿನ ಕುರ್ಚಿ ಆಗಲೂ ಖಾಲಿಯೇ ಇದ್ದರೆ, ಸೂಕ್ಷ್ಮದರ್ಶಕ ಬರಲು ಹಿಡಿಯುವ ತಿಂಗಳುಗಳಲ್ಲಿ ಒಂದು ವಾರವೂ ಕಡಿಮೆಯಾಗುವುದಿಲ್ಲ.